ಗೆದ್ದವರು ಕಟ್ಟಿದ ದಂಡ

1571ರ ಅಕ್ಟೋಬರ್ 7ರಂದು ಗ್ರೀಸ್ ಕರಾವಳಿಯ ಲೆಪಾಂಟೊ ಬಳಿ ಮೆಡಿಟರೇನಿಯನ್ ಸಮುದ್ರ ಕೆಂಪಾಯಿತು. ಒಂದು ಕಡೆ ಸ್ಪೇನ್, ವೆನಿಸ್ ಮತ್ತು ಪೋಪ್ ಸೇರಿ ಕಟ್ಟಿಕೊಂಡ 'ಪವಿತ್ರ ಒಕ್ಕೂಟ', ಇನ್ನೊಂದು ಕಡೆ ಆಟೊಮನ್ ಸುಲ್ತಾನನ ನೌಕಾಪಡೆ. ಎರಡೂ ಕಡೆ ಇನ್ನೂರರ ಆಸುಪಾಸು ಹುಟ್ಟುಗೋಲಿನ ಹಡಗುಗಳು. ಹೊತ್ತು ಮುಳುಗುವಷ್ಟರಲ್ಲಿ ಸುಲ್ತಾನನ ಪಡೆ ಪುಡಿಪುಡಿಯಾಗಿ, ದಳಪತಿ ಅಲಿ ಪಾಷಾ ಸತ್ತುಹೋಗಿದ್ದ. ಪೋಪ್ ಐದನೇ ಪಯಸ್ ಆ ದಿನವನ್ನೇ ಹಬ್ಬ ಮಾಡಿದ. ವೆರೊನೀಸ್, ಟಿಷಿಯನ್‌ರಂಥ ಚಿತ್ರಕಾರರಿಗೆ ಕೈತುಂಬ ಕೆಲಸ ಸಿಕ್ಕಿತು. ಧರ್ಮ ಗೆದ್ದಿತ್ತು. ಇದರ ಮೇಲೆ ಇನ್ನೇನು ಬೇಕು?

ಇದಾದ ಹದಿನೇಳು ತಿಂಗಳಿಗೆ, 1573ರ ಮಾರ್ಚ್ 7ರಂದು, ಗೆದ್ದ ವೆನಿಸ್ ಸೋತ ಸುಲ್ತಾನನ ಜೊತೆ ಒಪ್ಪಂದ ಮಾಡಿಕೊಂಡಿತು. ಯಾವ ಸೈಪ್ರಸ್ ದ್ವೀಪಕ್ಕಾಗಿ ಯುದ್ಧ ಶುರುವಾಗಿತ್ತೋ ಆ ಸೈಪ್ರಸ್ಸನ್ನು ಸುಲ್ತಾನನಿಗೇ ಬಿಟ್ಟುಕೊಟ್ಟಿತು. ಅದರ ಮೇಲೆ 3,00,000 ಡುಕಾಟ್ ಪರಿಹಾರ ಕಟ್ಟಲು ಒಪ್ಪಿತು. ಗೆದ್ದವನು ದಂಡ ಕಟ್ಟಿ, ಸೋತವನು ರಸೀದಿ ಬರೆದುಕೊಟ್ಟ ಅಪರೂಪದ ಯುದ್ಧವಿದು. ಸುದ್ದಿ ಕೇಳಿ ಹೊಸ ಪೋಪ್ ಹದಿಮೂರನೇ ಗ್ರೆಗರಿ ಕೆಂಡಾಮಂಡಲನಾದ. ವೆನಿಸ್‌ನ ವ್ಯಾಪಾರಿಗಳು ಮಾತ್ರ ಅಲೆಪ್ಪೊ, ಅಲೆಕ್ಸಾಂಡ್ರಿಯಾದ ವ್ಯಾಪಾರಕ್ಕೆ ಹಡಗು ಬಿಡುವ ತಯಾರಿಯಲ್ಲಿದ್ದರು. ಹಬ್ಬ ಆಚರಿಸುವುದು ಪೋಪನ ಕೆಲಸ. ಹತ್ತಿ, ರೇಷ್ಮೆ, ಮೆಣಸು ತರುವುದು ಅವರ ಕೆಲಸ.

ಈ ಸಂಧಾನ ಎಲ್ಲಿ ನಡೆಯಿತು ಎನ್ನುವುದೇ ಒಂದು ತಮಾಷೆ. ಯುದ್ಧ ನಡೆಯುತ್ತಿದ್ದಷ್ಟು ಕಾಲವೂ ವೆನಿಸ್‌ನ ರಾಯಭಾರಿ ಮಾರ್ಕಂತೋನಿಯೊ ಬಾರ್ಬರೊ ಸುಲ್ತಾನನ ರಾಜಧಾನಿ ಇಸ್ತಾಂಬುಲಿನಲ್ಲೇ ಇದ್ದ. ಹೆಸರಿಗೆ ಗೃಹಬಂಧನ, ಕೆಲಸ ಮಾತುಕತೆ. ನಡುವೆ ಓಡಾಡಿದವನು ಸಾಲಮನ್ ಅಶ್ಕೆನಾಜಿ ಎಂಬ ಯಹೂದಿ ವೈದ್ಯ. ಎದುರು ಕೂತಿದ್ದ ಮಹಾವಜೀರ ಸೊಕೊಲ್ಲು ಮೆಹಮದ್ ಪಾಷಾ ಹುಟ್ಟಿದ್ದು ಬೋಸ್ನಿಯಾದ ಕ್ರೈಸ್ತ ಮನೆಯಲ್ಲಿ. ಲೆಪಾಂಟೊದಲ್ಲಿ ಮುಳುಗಿದ ನೌಕಾಪಡೆಯನ್ನು ಒಂದೇ ಚಳಿಗಾಲದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ನೌಕಾಧಿಪತಿ ಕಿಲಿಚ್ ಅಲಿ ಪಾಷಾ ಇಟಲಿಯ ಕಲಾಬ್ರಿಯಾದವನು. ಹಡಗಿಗೆ ಗುಲಾಮನಾಗಿ ಸಿಕ್ಕಿ, ಮತಾಂತರವಾಗಿ, ಮೇಲೇರಿದ ಆಸಾಮಿ. ಇಂಥವರನ್ನೆಲ್ಲ ಒಟ್ಟಿಗೆ ಸೇರಿಸಿ 'ತುರ್ಕರು' ಎಂದು ಕರೆದು ಅವರ ವಿರುದ್ಧ ಪವಿತ್ರ ಯುದ್ಧ ಸಾರಿದ್ದರು ಯುರೋಪಿನವರು. ಡೋಲು, ಕಹಳೆ, ಕೆಂಪು ಬಾಣಗಳ ಭೂಪಟ ಸೇರಿಸಿ 'ನಾಗರಿಕತೆಗಳ ಮಹಾಸಂಘರ್ಷ' ಎಂದು ಇಂದು ಮೊಬೈಲಿಗೆ ಬರುವ ವಿಡಿಯೊಗಳಲ್ಲಿ ಈ ಜನ್ಮವಿವರಗಳು ಇರುವುದಿಲ್ಲ. ಡೋಲಿನ ತಾಳ ತಪ್ಪುತ್ತದಲ್ಲ!

ವೆನಿಸ್ ಒಂದನ್ನೇ ಬಯ್ಯುವುದು ಅನ್ಯಾಯ. ಫ್ರಾನ್ಸಿನ ದೊರೆಗಳಿಗೆ 'ಪರಮ ಕ್ರೈಸ್ತ ರಾಜ' ಎಂಬ ಬಿರುದಿತ್ತು. ಆ ಬಿರುದು ಹೊತ್ತ ಮೊದಲನೇ ಫ್ರಾನ್ಸಿಸ್‌ಗೆ ಸ್ಪೇನಿನ ಐದನೇ ಚಾರ್ಲ್ಸ್ ಎಂದರೆ ಮೈಯೆಲ್ಲ ಉರಿ. ಉರಿ ಆರಿಸಲು ಸುಲ್ತಾನ ಸುಲೇಮಾನನ ಕೈ ಹಿಡಿದ. 1543ರಲ್ಲಿ ಆಟೊಮನ್ ನೌಕಾಧಿಪತಿ ಬಾರ್ಬರೋಸಾ ಫ್ರೆಂಚರ ಜೊತೆ ಸೇರಿ ನೀಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಚಳಿಗಾಲ ಬಂತು, ನೆಂಟರಿಗೆ ಇಳಿದುಕೊಳ್ಳಲು ಜಾಗ ಬೇಕಲ್ಲ? ಫ್ರಾನ್ಸಿಸ್ ತನ್ನದೇ ತೂಲೋನ್ ಪಟ್ಟಣದ ಜನರಿಗೆ ಮನೆ ಖಾಲಿ ಮಾಡಲು ಅಪ್ಪಣೆ ಕೊಟ್ಟ. ತೂಲೋನಿನ ದೊಡ್ಡ ಚರ್ಚು ಮಸೀದಿಯಾಯಿತು, ಗಂಟೆಗಳು ಬಾಯಿ ಮುಚ್ಚಿದವು. ಪರಮ ಕ್ರೈಸ್ತ ರಾಜನ ಸ್ವಂತ ಅಪ್ಪಣೆಯಿಂದ! ಮುಂದಿನ ವಸಂತದಲ್ಲಿ ನೆಂಟರನ್ನು ಹೊರಡಿಸಲು ಖಜಾನೆಯಿಂದ ಭಾರಿ ಹಣ ತೆರಬೇಕಾಯಿತು. ಊರಿನವರಿಗೆ ಸಿಕ್ಕಿದ್ದು ತೆರಿಗೆ ವಿನಾಯಿತಿ. ಸರ್ಕಾರಗಳು ಸಂಕಟಕ್ಕೆ ಕೊಡುವ ಔಷಧ ಅಂದಿನಿಂದಲೂ ಒಂದೇ.

ಇತ್ತ ಚಾರ್ಲ್ಸನ ಕಡೆ ಯುದ್ಧ ಗುತ್ತಿಗೆಯಲ್ಲಿ ನಡೆಯುತ್ತಿತ್ತು. ಜಿನೋವಾದ ಆಂಡ್ರಿಯಾ ದೊರಿಯಾ ಸ್ವಂತ ಹಡಗುಗಳನ್ನು ರಾಜರಿಗೆ ಬಾಡಿಗೆಗೆ ಬಿಡುವ ದಳಪತಿ. 1528ರವರೆಗೆ ಫ್ರಾನ್ಸಿಗೆ ಬಿಟ್ಟಿದ್ದ, ಆ ವರ್ಷ ಗುತ್ತಿಗೆ ಬದಲಿಸಿ ಸ್ಪೇನಿಗೆ ಬಿಟ್ಟ. ಹಡಗು ಸ್ವಂತದ್ದಾದಾಗ ದಳಪತಿ ಎಷ್ಟು ಹುರುಪಿನಿಂದ ನುಗ್ಗುತ್ತಾನೆ? ಬಾಡಿಗೆಗೆ ಲಾರಿ ಬಿಟ್ಟ ಮಾಲೀಕ ಘಾಟಿ ರಸ್ತೆಯಲ್ಲಿ ಎಷ್ಟು ವೇಗವಾಗಿ ಓಡಿಸುತ್ತಾನೋ ಅಷ್ಟೇ. 1538ರಲ್ಲಿ ಪ್ರೆವೆಜಾದಲ್ಲಿ ಬಾರ್ಬರೋಸಾ ಎದುರಾದಾಗ ದೊರಿಯಾ ಹಿಂದೆ ಸರಿದ ರೀತಿ ನೋಡಿ ವೆನಿಸ್‌ನವರು ಹಲ್ಲು ಕಡಿದರು. ದೊರಿಯಾನ ಹಡಗುಗಳೇನೋ ಕ್ಷೇಮವಾಗಿದ್ದವು.

ಈ ಕಡಲಿನ ಅಸಲಿ ಮಹಿಮೆ ನೋಡಬೇಕಿದ್ದರೆ ಮಾತ್ರ ಇಟಲಿಯ ಲಿವೊರ್ನೊ ಬಂದರಿಗೆ ಹೋಗಬೇಕು. ಟಸ್ಕನಿಯ ದೊರೆ ಮೊದಲನೇ ಫರ್ಡಿನಾಂಡೊ ಮೆಡಿಚಿ 1590ರ ದಶಕದ ಆರಂಭದಲ್ಲಿ ಒಂದು ಸನ್ನದು ಹೊರಡಿಸಿದ. ಸ್ಪೇನಿನವರು, ಪೋರ್ಚುಗೀಸರು, ಗ್ರೀಕರು, ಯಹೂದಿಗಳು, ತುರ್ಕರು, ಮೂರರು (ಉತ್ತರ ಆಫ್ರಿಕಾದ ಮುಸ್ಲಿಮರು), ಆರ್ಮೇನಿಯನ್ನರು, ಪರ್ಷಿಯನ್ನರು, ಯಾರಾದರೂ ಬನ್ನಿ, ವ್ಯಾಪಾರ ಮಾಡಿ, ನಿಮ್ಮ ದೇವರ ತಂಟೆಗೆ ನಾವು ಬರುವುದಿಲ್ಲ ಎಂದು ಅದರ ಸಾರ. ಬೇರೆ ದೇಶದಲ್ಲಿ ಮಾಡಿದ ಸಾಲಕ್ಕೂ ಅಪರಾಧಕ್ಕೂ ರಕ್ಷಣೆ ಉಂಟು. ಓದಿದರೆ ಕಣ್ಣು ತೇವವಾಗುವಂಥ ಉದಾರತೆ.

ಇದೇ ಫರ್ಡಿನಾಂಡೊನ ಅಪ್ಪ ಕೊಸಿಮೊ 1562ರಲ್ಲಿ ಪೋಪನ ಮುದ್ರೆ ಒತ್ತಿಸಿ 'ಸಂತ ಸ್ಟೀಫನ್ ಸಂಘ' ಎಂಬ ವೀರರ ಪಡೆ ಕಟ್ಟಿದ್ದ. ತುರ್ಕರ, ಮೂರರ ಹಡಗು ಹಿಡಿದು, ಸರಕು ದೋಚಿ, ಜನರನ್ನು ಗುಲಾಮರಾಗಿ ತರುವುದು ಅದರ ಪವಿತ್ರ ಉದ್ಯೋಗ. ಆ ವೀರರ ಹಡಗುಗಳು ಬಂದು ನಿಲ್ಲುತ್ತಿದ್ದದ್ದು ಇದೇ ಲಿವೊರ್ನೊದಲ್ಲಿ. ಹಾಗಾಗಿ ಒಬ್ಬ ತುರ್ಕ ಈ ಬಂದರಿಗೆ ಎರಡು ದಾರಿಯಲ್ಲಿ ಬರಬಹುದಿತ್ತು. ಸ್ವಂತ ಖರ್ಚಿನಲ್ಲಿ ಬಂದರೆ ಗೌರವಾನ್ವಿತ ವರ್ತಕ, ದೊರೆಯ ಖರ್ಚಿನಲ್ಲಿ ಬಂದರೆ ಸಂಕೋಲೆ. ಗುಲಾಮರನ್ನು ಕೂಡಿಡಲು 'ಬಾನ್ಯೊ' ಎಂಬ ದೊಡ್ಡ ಸೆರೆಮನೆ ಇತ್ತು. ಅದರೊಳಗೆ ಅವರಿಗೆ ನಮಾಜಿಗೆ ಜಾಗವನ್ನೂ ಬಿಟ್ಟಿದ್ದರು. ಸ್ವಾತಂತ್ರ್ಯ ಒಂದನ್ನು ಬಿಟ್ಟು ಧಾರ್ಮಿಕ ಸ್ವಾತಂತ್ರ್ಯ ಪೂರ್ತಿ. ಹುಟ್ಟು ಎಳೆಯುವ ಕೆಲಸ ಇಲ್ಲದ ದಿನಗಳಲ್ಲಿ ಅವರು ಬಂದರಿನ ದಂಡೆಯಲ್ಲಿ ಕ್ಷೌರ, ಚಿಲ್ಲರೆ ವ್ಯಾಪಾರ ಮಾಡಿ ನಾಲ್ಕು ಕಾಸು ನೋಡುತ್ತಿದ್ದರು.

ಕದ್ದ ಮಾಲಿನ ಕಥೆ ಇನ್ನೂ ಚೆಂದ. ಉತ್ತರ ಆಫ್ರಿಕಾದ ಆಲ್ಜಿಯರ್ಸಿನ ಕಡಲ್ಗಳ್ಳರು ಕ್ರೈಸ್ತರ ಹಡಗು ದೋಚಿ ತಂದ ಸರಕನ್ನು ಅಲ್ಲಿ ಅಗ್ಗಕ್ಕೆ ಕೊಂಡು ಲಿವೊರ್ನೊದಲ್ಲಿ ಮಾರುವ ದಂಧೆಯೂ ಜೋರಾಗಿತ್ತು. ಕಳೆದುಕೊಂಡವನು ತನ್ನದೇ ಮೂಟೆಯನ್ನು ಅಲ್ಲಿ ಎರಡನೇ ಸಲ ಕೊಳ್ಳಬಹುದಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅಂತಾರಲ್ಲ, ಇಲ್ಲಿ ಶಾಸ್ತ್ರ ಹೇಳುವವನೂ ಗಾಳ ಹಾಕುವವನೂ ಮೀನು ಹರಾಜು ಕೂಗುವವನೂ ಒಬ್ಬನೇ.

ಅಂಥ ದೊರೆಗೆ ಪ್ರತಿಮೆ ಇಲ್ಲದಿದ್ದರೆ ಹೇಗೆ? ಬಂದರಿನ ಬಳಿ ಫರ್ಡಿನಾಂಡೊನ ಅಮೃತಶಿಲೆಯ ಪ್ರತಿಮೆ ಎತ್ತರದ ಪೀಠದ ಮೇಲೆ ಎದೆಯುಬ್ಬಿಸಿ ನಿಂತಿದೆ. 1620ರ ದಶಕದಲ್ಲಿ ಪಿಯೆತ್ರೊ ತಾಕ್ಕಾ ಎಂಬ ಶಿಲ್ಪಿ ಆ ಪೀಠದ ನಾಲ್ಕು ಮೂಲೆಗೆ ನಾಲ್ವರು ಗುಲಾಮರನ್ನು ಕಂಚಿನಲ್ಲಿ ಎರಕ ಹೊಯ್ದು ಕೂರಿಸಿದ. ಬರಿಮೈ, ಕೈಗಳು ಬೆನ್ನ ಹಿಂದೆ ಸರಪಳಿಯಲ್ಲಿ. ಬೋಳುತಲೆಯ ನಡುವೆ ಬಿಟ್ಟ ಜುಟ್ಟು. ಒಬ್ಬ ಮುದುಕ, ಒಬ್ಬ ಹುಡುಗ. ತಾಕ್ಕಾ ಅಲ್ಲಿನ ಸೆರೆಮನೆಯ ನಿಜವಾದ ಗುಲಾಮರನ್ನೇ ಕೂರಿಸಿ ಅಚ್ಚು ತೆಗೆದನಂತೆ. ಹಾಗಾಗಿ ಮುಖಗಳಲ್ಲಿ ಜೀವ ಇದೆ. ಮೇಲಿನ ದೊರೆಯ ಮುಖ ನೋಡಿದವರು ಯಾರಿಗೂ ಅದು ನೆನಪಿರುವುದಿಲ್ಲ. ಒಂದು ನಿರ್ದಿಷ್ಟ ಜಾಗದಲ್ಲಿ ನಿಂತರೆ ನಾಲ್ವರ ಮೂಗೂ ಒಟ್ಟಿಗೆ ಕಾಣುತ್ತವೆ, ಕಂಡವರಿಗೆ ಅದೃಷ್ಟ ಖುಲಾಯಿಸುತ್ತದೆ ಎಂದು ಊರಿನವರ ನಂಬಿಕೆ. ಪ್ರವಾಸಿಗರು ಆ ಜಾಗ ಹುಡುಕಿ ನಿಲ್ಲುತ್ತಾರೆ. ಬೇರೆಯವರ ಸಂಕೋಲೆಯಿಂದ ನಮಗೆ ಅದೃಷ್ಟ ಎನ್ನುವುದು ಲಿವೊರ್ನೊದ ಹಳೆಯ ವ್ಯವಹಾರವೇ ಅಲ್ಲವೇ?

ಸೆರೆಯಾಳುಗಳ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದೂ ಒಂದು ಕಲೆ. 'ಡಾನ್ ಕ್ವಿಕ್ಸೋಟ್' ಬರೆದ ಸರ್ವಾಂಟಿಸ್ ಲೆಪಾಂಟೊದಲ್ಲಿ ಹೋರಾಡಿ ಎಡಗೈ ಸ್ವಾಧೀನ ಕಳೆದುಕೊಂಡವನು. 1575ರಲ್ಲಿ ಊರಿಗೆ ಮರಳುವಾಗ ಆಲ್ಜಿಯರ್ಸಿನ ಕಡಲ್ಗಳ್ಳರ ಕೈಗೆ ಸಿಕ್ಕಿದ. ಅವನ ಜೇಬಿನಲ್ಲಿ ಲೆಪಾಂಟೊದಲ್ಲಿ ಪವಿತ್ರ ಒಕ್ಕೂಟದ ದಳಪತಿಯಾಗಿದ್ದ ಡಾನ್ ಹುವಾನನೇ ಬರೆದುಕೊಟ್ಟ ಶಿಫಾರಸು ಪತ್ರವಿತ್ತು. ಊರಲ್ಲಿ ಒಳ್ಳೆಯ ಹುದ್ದೆ ಸಿಗಲಿ ಎಂದು ಇಟ್ಟುಕೊಂಡದ್ದು. ಪತ್ರ ನೋಡಿದ ಕಳ್ಳರು ಇವನು ಭಾರಿ ಕುಳ ಎಂದುಕೊಂಡು ಬೆಲೆ ಏರಿಸಿದರು. ಬಡ ಮನೆಯವರು ಹಣ ಹೊಂದಿಸಲಾರದೆ ಅವನು ಐದು ವರ್ಷ ಅಲ್ಲೇ ಕೊಳೆತ. ಕೊನೆಗೆ 1580ರಲ್ಲಿ ಟ್ರಿನಿಟೇರಿಯನ್ ಪಂಥದ ಸನ್ಯಾಸಿಗಳು 500 ಎಸ್ಕುಡೊ ತೆತ್ತು ಬಿಡಿಸಿದರು. ದೊಡ್ಡವರ ಶಿಫಾರಸು ಇದ್ದೂ ಕೆಲಸ ಸಿಗದವರನ್ನು ನಾವು ನೋಡಿದ್ದೇವೆ. ಶಿಫಾರಸಿನಿಂದಲೇ ಸೆರೆವಾಸ ಬೆಳೆದದ್ದು ಇವನೊಬ್ಬನದೇ ಇರಬೇಕು.

ಆ ಸನ್ಯಾಸಿಗಳು ಬಿಡುಗಡೆಯ ಹಣ ಹೊತ್ತು ಬಂದರೆ ಆಲ್ಜಿಯರ್ಸ್ ಬಂದರಿನಲ್ಲಿ ಆ ಹಣಕ್ಕೂ ಸುಂಕ. ಬಿಡಿಸಿಕೊಂಡವನನ್ನು ಹಡಗು ಹತ್ತಿಸಲು ಮತ್ತೆ ಬೇರೆ ಬೇರೆ ಶುಲ್ಕ. ಕಡಲ್ಗಳ್ಳತನಕ್ಕೂ ಕಚೇರಿ, ಗುಮಾಸ್ತ, ದಾಖಲೆ ಎಲ್ಲ ಇದ್ದವು. ಲಂಚದ ಮಾತು ಬೇರೆ.

ಸತ್ಯವಾಗಿ ನಂಬಿ ಹೋರಾಡಿದವರು ಇರಲಿಲ್ಲವೆಂದಲ್ಲ. ಲೆಪಾಂಟೊದಲ್ಲಿ ಸತ್ತ ಸಾವಿರಾರು ಸೈನಿಕರಲ್ಲಿ ಎರಡೂ ಕಡೆ ದೇವರ ಹೆಸರು ಹೇಳಿಕೊಂಡೇ ಸತ್ತವರು ಎಷ್ಟೋ. ಆದರೆ ನಂಬಿದವರ ಕೈಯಲ್ಲಿ ಲೆಕ್ಕದ ಪುಸ್ತಕ ಇರಲಿಲ್ಲ. ಪುಸ್ತಕ ಇದ್ದವರು ಪವಿತ್ರ ಒಕ್ಕೂಟದ ಖರ್ಚನ್ನೇ ಭಿನ್ನರಾಶಿಯಲ್ಲಿ ಬರೆದುಕೊಂಡಿದ್ದರು: ಆರರಲ್ಲಿ ಮೂರು ಪಾಲು ಸ್ಪೇನ್, ಎರಡು ವೆನಿಸ್, ಒಂದು ಪೋಪ್. ಗೆದ್ದ ಮೇಲೆ ಲೂಟಿಗೂ ಲೆಕ್ಕ ಹಾಕಿದರು. ಸುಲ್ತಾನನ ಹಡಗುಗಳಲ್ಲಿ ಹುಟ್ಟಿಗೆ ಕಟ್ಟಿಹಾಕಿದ್ದ 12,000ಕ್ಕೂ ಹೆಚ್ಚು ಕ್ರೈಸ್ತರು ಅಂದು ಬಿಡುಗಡೆಯಾದರು. ಅದೇ ದಿನ ಸೆರೆಸಿಕ್ಕ ಸುಮಾರು 3,500 ಮುಸ್ಲಿಮರನ್ನು ಮಿತ್ರರು ಪಾಲು ಹಂಚಿಕೊಂಡರು. ಹುಟ್ಟು ಹಾಕುವ ಹಲಗೆ ಖಾಲಿ ಬೀಳಲಿಲ್ಲ, ಆಳು ಬದಲಾದ.

ಇಂಗ್ಲೆಂಡಿನವರು ತಡವಾಗಿ ಬಂದರೂ ಪಾಠ ಬೇಗ ಕಲಿತರು. ಅನ್ಯಮತದವರಿಗೆ ಯುದ್ಧಸಾಮಗ್ರಿ ಮಾರಬಾರದು ಎಂದು ಪೋಪರು ವರ್ಷವರ್ಷವೂ ಬಹಿಷ್ಕಾರದ ಬೆದರಿಕೆ ಹಾಕುತ್ತಿದ್ದರು. ಎಲಿಜಬೆತ್ ರಾಣಿಗೆ 1570ರಲ್ಲೇ ಬಹಿಷ್ಕಾರವಾಗಿತ್ತು. ಇನ್ನೇನು ಕಳೆದುಕೊಳ್ಳುವುದಿತ್ತು? ತಾನು ವಿಗ್ರಹಾರಾಧಕರ ವೈರಿ ಎಂದು ಸುಲ್ತಾನ ಮುರಾದನಿಗೆ ಪತ್ರ ಬರೆಸಿದಳು. 1580ರಲ್ಲಿ ವ್ಯಾಪಾರದ ಸನ್ನದು ಸಿಕ್ಕಿತು. ಇಂಗ್ಲಿಷರು ತವರ, ಸೀಸ ಹೇರಿಕೊಂಡು ಹೋಗುತ್ತಿದ್ದಾರೆ, ಅದರಲ್ಲಿ ಒಡೆದ ಚರ್ಚುಗಳ ವಿಗ್ರಹಗಳ ಲೋಹವೂ ಇದೆ ಎಂದು ಲಂಡನ್ನಿನಲ್ಲಿದ್ದ ಸ್ಪೇನ್ ರಾಯಭಾರಿ ದೂರು ಬರೆದ. ಕಂಚಿನ ಫಿರಂಗಿಗೆ ತವರ ಬೇಕೇ ಬೇಕು. ಸಂತರು ಫಿರಂಗಿಯಾದರು.

ನಮ್ಮ ಮೆಣಸಿನ ಮಾತು ಬರದಿದ್ದರೆ ಹೇಗೆ? ಹೊನ್ನಾವರ, ಭಟ್ಕಳದ ಸೀಮೆಯಿಂದ ಮಲಬಾರಿನವರೆಗಿನ ಕಾಳುಮೆಣಸಿಗಾಗಿಯೇ ಪೋರ್ಚುಗೀಸರು ಆಫ್ರಿಕಾ ಸುತ್ತಿ ಬಂದದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕರೆದದ್ದೇ ಮೆಣಸಿನ ರಾಣಿ ಎಂದು. ಕೆಂಪು ಸಮುದ್ರದ ದಾರಿ ಮುಚ್ಚಿ ವೆನಿಸ್‌ನ ಹೊಟ್ಟೆಗೆ ಹೊಡೆಯುವುದು ಅವರ ಲೆಕ್ಕ. ಆದರೆ 1560ರ ದಶಕದ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಗೋದಾಮುಗಳಲ್ಲಿ ಮೆಣಸು ಮತ್ತೆ ಹಳೆಯ ಪ್ರಮಾಣಕ್ಕೇ ಬಂದಿತ್ತು. ದಾರಿ ಕಾಯಬೇಕಾದ ಪೋರ್ಚುಗೀಸ್ ಅಧಿಕಾರಿಗಳಿಗೂ ಸ್ವಂತ ವ್ಯಾಪಾರ ಇತ್ತು ನೋಡಿ. 1580ರಲ್ಲಿ ಪೋರ್ಚುಗಲ್ ಸ್ಪೇನಿನ ಎರಡನೇ ಫಿಲಿಪ್‌ಗೆ ದಕ್ಕಿತು. ಅವನು ಲಿಸ್ಬನ್ ಮೆಣಸಿನ ಮಾರಾಟದ ಗುತ್ತಿಗೆಯನ್ನು ವೆನಿಸ್ ಮುಂದಿಟ್ಟ. ಲೆಪಾಂಟೊದಲ್ಲಿ ಜೊತೆಗೆ ರಕ್ತ ಸುರಿಸಿದ ಮಿತ್ರ, ಕ್ಯಾಥೊಲಿಕರ ದೊಡ್ಡಣ್ಣ. ವೆನಿಸ್ ಕೈಮುಗಿದು ಬೇಡ ಎಂದಿತು. ಸುಲ್ತಾನನ ಊರುಗಳ ಮೂಲಕ ಬರುವ ಮೆಣಸೇ ಅದಕ್ಕೆ ಸಲೀಸು. ಫಿಲಿಪ್ ತಾನೇನು ಕಡಿಮೆ? ಅಷ್ಟರಲ್ಲಾಗಲೇ ಅವನ ದೂತ ಇಸ್ತಾಂಬುಲಿನಲ್ಲಿ ಗುಟ್ಟಾಗಿ ಕೂತು ಸುಲ್ತಾನನ ಜೊತೆ ಕದನವಿರಾಮ ಕುದುರಿಸಿಯಾಗಿತ್ತು. 1575ರಲ್ಲಿ ಸ್ಪೇನ್ ದಿವಾಳಿ ಎದ್ದಿತ್ತು. ಖಾಲಿ ಖಜಾನೆಗೆ ಧರ್ಮಯುದ್ಧ ಹಿಡಿಸುವುದಿಲ್ಲ.

ಎಲ್ಲರೂ ರಾಜಿಯಾದ ಮೇಲೂ ಯುದ್ಧ ಬಿಡದವರು ಮಾಲ್ಟಾದ ವೀರಸನ್ಯಾಸಿಗಳು. ಚಾರ್ಲ್ಸ್ 1530ರಲ್ಲಿ ವರ್ಷಕ್ಕೊಂದು ಡೇಗೆ ಹಕ್ಕಿಯ ಬಾಡಿಗೆಗೆ ಆ ದ್ವೀಪವನ್ನು ಅವರಿಗೆ ಕೊಟ್ಟಿದ್ದ. 1565ರಲ್ಲಿ ಆಟೊಮನ್ ಮುತ್ತಿಗೆಯನ್ನು ಎದುರಿಸಿ ನಿಂತ ಅವರ ಕೆಚ್ಚು ದೊಡ್ಡದು, ಅದನ್ನು ಒಪ್ಪಬೇಕು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರು ಹಡಗು ದೋಚುವುದನ್ನೇ ಕಸುಬು ಮಾಡಿಕೊಂಡರು. ತುರ್ಕರ ಹಡಗು ಸಾಲದಾದಾಗ ಗ್ರೀಕ್ ಕ್ರೈಸ್ತರ ಹಡಗಿಗೂ ಕೈ ಹಾಕಿದರು. ಹಡಗು ಕ್ರೈಸ್ತನದೇ ಇರಬಹುದು, ಸರಕು ತುರ್ಕನದು ಎನ್ನುವುದು ಅವರ ವಾದ. ದೋಚಿಸಿಕೊಂಡ ಗ್ರೀಕರು ಮಾಲ್ಟಾಕ್ಕೇ ಬಂದು, ದೋಚಿದವರ ಕೋರ್ಟಿನಲ್ಲೇ ದಾವೆ ಹೂಡಿ, ತಾವು ಅಸಲಿ ಕ್ರೈಸ್ತರೆಂದು ಕಾಗದ ಪತ್ರ ತೋರಿಸಬೇಕಾಗಿತ್ತು. ಮಾಲ್ಟಾದ ಗುಲಾಮರ ಬಿಡುಗಡೆಗೆ 1798ರಲ್ಲಿ ನೆಪೋಲಿಯನ್ ಬರಬೇಕಾಯಿತು. ಬಂದವನು ಆ ವೀರಸನ್ಯಾಸಿಗಳ ಸಂಘದ ಬೆಳ್ಳಿಯನ್ನೂ ಹೇರಿಕೊಂಡು ಹೋದ.

ಆ ಸಂಘ ಇಂದಿಗೂ ಇದೆ. ರೋಮ್‌ನಲ್ಲಿ ಕೇಂದ್ರ ಕಚೇರಿ, ತನ್ನದೇ ಪಾಸ್‌ಪೋರ್ಟ್, ನೂರಕ್ಕೂ ಹೆಚ್ಚು ದೇಶಗಳೊಂದಿಗೆ ರಾಜತಾಂತ್ರಿಕ ಸಂಬಂಧ. ಸ್ವಂತ ನಾಡೂ ಇಲ್ಲ, ಹಡಗೂ ಇಲ್ಲ. ಈಗ ಆಸ್ಪತ್ರೆ, ಆಂಬುಲೆನ್ಸ್ ನಡೆಸುತ್ತದೆ. ಈ ಕಡಲಿನ ಅಷ್ಟೂ ಧರ್ಮಯೋಧರಲ್ಲಿ ಒಬ್ಬರಾದರೂ ಧರ್ಮದ ಕೆಲಸವನ್ನಷ್ಟೇ ಮಾಡಿದ್ದು ಹಡಗು ಕಳೆದುಕೊಂಡ ಮೇಲೆ.