ಮೂಗಿರುವ ತನಕ

ಪಟ್ಟದಕಲ್ಲಿನಲ್ಲಿ ಮೂಗು ನೆಟ್ಟಗಿರುವ ಮೂರ್ತಿಗಳನ್ನು ಹುಡುಕುತ್ತ ಹೊರಟರೆ ಒಂದು ಮಧ್ಯಾಹ್ನ ಸಾಲದು. ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲೂ ಕಿರೀಟ, ಸೊಂಟಪಟ್ಟಿ ಎಲ್ಲ ಉಳಿದು ಮೂಗು ಮಾತ್ರ ಕಳೆದುಕೊಂಡವರಿದ್ದಾರೆ. ಮುಂದೆ ಬಂದು ನಿಂತವರಿಗೇ ಮೊದಲ ಏಟು. ಮೂಗಿರುವ ತನಕ ನೆಗಡಿ ತಪ್ಪದು ಅಂತಾರೆ. ಈ ಕಲ್ಲಿನ ಮಂದಿಗೆ ಆ ಕಾಟವಂತೂ ಇಲ್ಲ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗವಾದ್ದರಿಂದ ಯಾರೂ ಸಿಮೆಂಟಿನ ಮೂಗು ಹಚ್ಚಲು ಬರುವುದಿಲ್ಲ, ಅದೂ ಒಂದು ಪುಣ್ಯ.

ಮನುಷ್ಯರಿಗೆ ಹೊಸ ಮೂಗು ಹಚ್ಚುವ ವಿದ್ಯೆ ನಮ್ಮ ಕಡೆಯದೇ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಸೆರೆಸಿಕ್ಕು ಮೂಗು ಕೊಯ್ಸಿಕೊಂಡ. ಪುಣೆ ಸೀಮೆಯ ನಾಟಿ ವೈದ್ಯನೊಬ್ಬ ಮೇಣದಲ್ಲಿ ಮೂಗು ಮಾಡಿ, ಅದನ್ನು ಚಪ್ಪಟೆ ಮಾಡಿ ಅವನ ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಗೆರೆಗುಂಟ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ತಿರುವಿ ಕೆಳಗಿಳಿಸಿ ಕೂಡಿಸಿದ. 1794ರಲ್ಲಿ ಈ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಅಲ್ಲಿನ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅದೇ ರೀತಿ ಮಾಡಿ ಹೆಸರು ಮಾಡಿದ. ಪುಣೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಮೂಗು ಮುಖದ ಮರ್ಯಾದೆಯಾದ್ದರಿಂದ ಅದಕ್ಕೆ ಬೇಗ ಔಷಧ ಸಿಕ್ಕಿತೇನೋ. ಕಿವಿಯ ಸಂಕಟ ಹೊರಗೆ ಕಾಣುವುದಿಲ್ಲ. ಇಳಕಲ್ಲಿನಲ್ಲಿ ಪವರ್‌ಲೂಮಿನ ಪಕ್ಕ ಜೀವ ಸವೆಸಿದ ನಮ್ಮ ಕಾಕಾನನ್ನು ಮಾತಾಡಿಸಿದರೆ ಗೊತ್ತಾಗುತ್ತದೆ.

“ಮೊಮ್ಮಗ ಸಾಲಿಗೆ ಹೋದ್ನೇನ್ರಿ ಕಾಕಾ?”

“ಕಾಲಿಗೆ ಏನೂ ಆಗಿಲ್ಲಪಾ. ಮೊಣಕಾಲ ಒಂದೀಟು ಹಿಡದೈತಿ.”

ನಾವು ನಗುತ್ತೇವೆ, ಅವರೂ ನಗುತ್ತಾರೆ. ದಿನಕ್ಕೆ ಎಂಟು ತಾಸಿನಂತೆ ವರ್ಷಗಟ್ಟಲೆ 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ಕೂತರೆ ಒಳಕಿವಿಯ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಏರುಶ್ರುತಿಯ ಸದ್ದು. ಸ, ಶ, ಚ ಎಲ್ಲ ಮಸಕಾಗುತ್ತವೆ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. “ಜೋರಾಗಿ ಒದರಬ್ಯಾಡ, ಬಿಡಿಸಿ ಹೇಳು” ಎಂದು ಕಾಕಾ ಬೈಯುವುದರಲ್ಲಿ ವೈದ್ಯಶಾಸ್ತ್ರವೇ ಇದೆ. ಇದಕ್ಕೆ ಆಪರೇಷನ್ ಇಲ್ಲ, ಶ್ರವಣಯಂತ್ರವೇ ಗತಿ. ಕನ್ನಡಕ ಹಾಕಿದವನು ಪಂಡಿತ, ಕಿವಿಗೆ ಮಷಿನ್ ಇಟ್ಟವನು ಮುದುಕ ಎಂಬುದು ನಮ್ಮೂರ ನ್ಯಾಯ. ಅದಕ್ಕೇ ಕಾಕಾನ ಮಷಿನ್ ಟ್ರಂಕಿನೊಳಗೆ ಕೂತಿದೆ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಮೈಕು ಮಾತ್ರ ಅವರಿಗೆ ಈಗಲೂ ಸ್ಪಷ್ಟ.

ತೂತು ಬಿದ್ದ ಕಿವಿತಮಟೆಯ ಕಥೆ ಬೇರೆ. ಹತ್ತು ಮಿಲಿಮೀಟರಿನಷ್ಟೂ ಅಗಲವಿಲ್ಲದ ಆ ಪೊರೆಗೆ, ಕಿವಿಯ ಮೇಲ್ಗಡೆಯ ಸ್ನಾಯುವಿನ ಹೊದಿಕೆಯಿಂದ ಚೂರೊಂದನ್ನು ತೆಗೆದು ತೇಪೆ ಹಾಕುತ್ತಾರೆ. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್, ತ್ಸೋಲ್ನರ್ ಎಂಬಿಬ್ಬರು ಸೂಕ್ಷ್ಮದರ್ಶಕ ಹಿಡಿದು ಬೆಳೆಸಿದ ಶಸ್ತ್ರಕ್ರಿಯೆ. ಈಗ ದುರ್ಬೀನಿನ ಸಪೂರ ಕೊಳವೆಯನ್ನು ಕಿವಿಯ ದಾರಿಯಲ್ಲೇ ಇಳಿಸಿಯೂ ಮಾಡುತ್ತಾರೆ. ಬಾಗಲಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಆದರೂ ನಮ್ಮಲ್ಲಿ ಸೋರುವ ಕಿವಿಗೆ ಮೊದಲು ಬೀಳುವುದು ಬೆಳ್ಳುಳ್ಳಿ ಕಾಸಿದ ಎಣ್ಣೆ. ತೂತಿನ ಮೂಲಕ ಆ ಒಗ್ಗರಣೆ ನಡುಗಿವಿಗೆ ಇಳಿಯುತ್ತದೆ.

ಗಂಟಲಿನ ವಿದ್ಯೆಗೆ ದಾರಿ ತೋರಿಸಿದವನು ಡಾಕ್ಟರನೇ ಅಲ್ಲ. ಮಾನ್ವೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು 1854ರಲ್ಲಿ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು, ಸೂರ್ಯನ ಬೆಳಕು ಹಾಯಿಸಿ ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡ. ನಮ್ಮ ಗವಾಯಿಗಳಿಗೆ ಇಂಥ ಕುತೂಹಲ ಬರಲಿಲ್ಲವಲ್ಲ!

ಮತ್ತೆ ಕಿವಿಗೇ ಬಂದರೆ, ಅದರ ಇನ್ನೊಂದು ಗುಟ್ಟನ್ನು 1978ರಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಬಯಲು ಮಾಡಿದ: ಆರೋಗ್ಯವಂತ ಕಿವಿ ಕೇಳಿದ್ದಕ್ಕೆ ತಾನೂ ಸಣ್ಣಗೆ ಸದ್ದು ಹೊರಡಿಸಿ ಓಗೊಡುತ್ತದೆ. ಮಲಗಿದ ಕೂಸಿನ ಕಿವಿಗೆ ಪುಟ್ಟ ಬಿರಡೆ ಇಟ್ಟು ಆ ಮರುದನಿ ಹಿಡಿಯುವುದೇ ಎಳೆಗೂಸುಗಳ ಕಿವಿ ಪರೀಕ್ಷೆ. ನೋವಿಲ್ಲ, ಕೆಲವೇ ನಿಮಿಷ. ಹುಟ್ಟುಗಿವುಡು ಬೇಗ ತಿಳಿದರೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿ, ತರಬೇತಿ ಕೊಡಿಸಿ ಮಾತು ಕಲಿಸಬಹುದು, ತಡವಾದಷ್ಟೂ ಕಷ್ಟ. ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದ್ದರೆ ಪೇಢೆ ಹಂಚುವ ಗಡಿಬಿಡಿಯಲ್ಲೂ ದವಾಖಾನೆಯವರನ್ನು ಒಂದು ಮಾತು ಕೇಳಿ: “ಕಿವಿ ಪರೀಕ್ಷೆ ಆತೇನ್ರಿ?”