ತಕ್ಕಡಿ ಕಾಣವಲ್ದು!

ಚಾಲೂ ಇರುವ ಕಂಪ್ಯೂಟರಿಗೆ ಏನನ್ನಾದರೂ ಸಿಕ್ಕಿಸಿದರೆ ಅದನ್ನು ಗುರುತಿಸುವ ಪ್ರೋಗ್ರಾಂ ಬರೆಯುವುದರಲ್ಲಿ ಅಂಥಾದ್ದೇನಿದೆ ಎಂದು ನೀವೂ ಒಮ್ಮೆ ಅಂದುಕೊಂಡವರೇ ಇರಬೇಕು. ನಾನು ಅಂದುಕೊಂಡದ್ದಷ್ಟೇ ಅಲ್ಲ, ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅದೂ ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ನಟ್ಟು-ಬೋಲ್ಟಿನ ಶೆಡ್ಡೊಂದರಲ್ಲಿ, ಮಾಲೀಕರ ಎದುರಿಗೇ. ತಕ್ಕಡಿ ತೂಗಬೇಕು, ಲಿನಕ್ಸ್ ಕಂಪ್ಯೂಟರ್ ತೂಕ ಓದಬೇಕು, ಪ್ರಿಂಟರ್ ಲೇಬಲ್ ಉಗುಳಬೇಕು. "ಎರಡು ತಾಸಿನ ಕೆಲಸಾರೀ" ಎಂದು ಅವರೇ ತರಿಸಿದ ಮಿರ್ಚಿ ಕಚ್ಚಿದೆ.

ತಕ್ಕಡಿಯ ತಂತಿ ಸೇರಿದೊಡನೆ ಕರ್ನಲ್ ಅದಕ್ಕೆ 'ಟಿಟಿವೈ ಯುಎಸ್‌ಬಿ ಸೊನ್ನೆ' ಎಂದು ನಾಮಕರಣ ಮಾಡಿತು. ಆ ಹೆಸರನ್ನೇ ಪ್ರೋಗ್ರಾಮಿನಲ್ಲಿ ಶಿಲಾಶಾಸನ ಮಾಡಿದೆ. ಮರುದಿನ ಕಸ ಗುಡಿಸುವಾಗ ತಂತಿ ಕಳಚಿತು, ಹುಡುಗ ಮತ್ತೆ ಸಿಕ್ಕಿಸಿದ. ನನ್ನ ಪ್ರೋಗ್ರಾಂ ಹಳೆಯ ಸೊನ್ನೆಯನ್ನು ಬಿಡದೆ ಹಿಡಿದು ಕೂತಿದ್ದರಿಂದ ತಕ್ಕಡಿಗೆ 'ಒಂದು' ಎಂಬ ಹೆಸರು ಬಂತು. ನಾನು ಸೊನ್ನೆಯನ್ನೇ ಕರೆಯುತ್ತಿದ್ದೆ. "ಸರ್ರ, ತಕ್ಕಡಿ ಕಾಣವಲ್ದು ಅಂತದ ನೋಡ್ರಿ ಕಂಪ್ಯೂಟರ್!" ತಕ್ಕಡಿ ಮೂರು ಅಡಿ ಅಗಲ ಇತ್ತು.

ಆಗ ಯುಡೆವ್ ನೆನಪಾಯಿತು. 2003ರಿಂದ ಲಿನಕ್ಸಿನಲ್ಲಿ ಇರುವ ಈ ಪುಣ್ಯಾತ್ಮ, ಸಾಧನ ಬಂತು-ಹೋಯಿತು ಎಂಬ ಕರ್ನಲ್ಲಿನ ಕೂಗು ಕೇಳಿಸಿಕೊಂಡು ನಾವು ಬರೆದ ನಿಯಮದಂತೆ ನಡೆಯುತ್ತದೆ. 'ಸಾಧನ ಸೇರಿದರೆ ಒಂದು ಪರೀಕ್ಷಾ ಲೇಬಲ್ ತೆಗೆ' ಎಂದು ಬರೆದೆ. ಯಾವ ಸಾಧನ ಎಂದು ಬರೆಯಲಿಲ್ಲ. ಮಾಲೀಕರು ಪೆನ್‌ಡ್ರೈವ್ ಹಾಕಿದರು. ಕರ್ನಲ್ಲಿಗೆ ಅದು ಒಂದು ವಸ್ತುವಲ್ಲ. ಯುಎಸ್‌ಬಿ ಸಾಧನ, ಡಿಸ್ಕು, ಡಿಸ್ಕಿನೊಳಗಿನ ಭಾಗ ಎಂದು ಸಾಲಾಗಿ ಕೂಗುತ್ತದೆ. ಪ್ರತಿ ಕೂಗಿಗೂ ಲೇಬಲ್. "ಫೋನ್ ಚಾರ್ಜಿಗೆ ಹಚ್ಚಿದ್ರೂ ಲೇಬಲ್ ಯಾಕ ಬರ್ತಾವ್ರೀ?" ಎಂದು ಅವರು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಬೂಟ್ ಆಗುವಾಗ ಮೊದಲೇ ಇದ್ದ ಸಾಧನಗಳನ್ನೂ ಯುಡೆವ್ ಹೊಸದಾಗಿ ಬಂದವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೀಬೋರ್ಡಿಗೆ ಲೇಬಲ್, ಮೌಸಿಗೆ ಲೇಬಲ್, ಸಿಪಿಯುವಿಗೂ ಲೇಬಲ್. ಎಲ್ಲದರ ತೂಕ 0.000 ಕೆ.ಜಿ.! ಇಡೀ ರೋಲ್ ನೆಲಕ್ಕಿಳಿದು ಬಾಗಿಲ ತನಕ ಹರಿಯಿತು.

ನಿಯಮ ಬಿಗಿಮಾಡಿ ತಕ್ಕಡಿಗೊಂದಕ್ಕೇ ಸೀಮಿತಗೊಳಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಪ್ರೆಸ್ ಮಷಿನ್ ಕುಟ್ಟಿದಾಗಲೆಲ್ಲ ತಕ್ಕಡಿ ಮಂಕಾಗುತ್ತಿತ್ತೆಂದು, ಅದು ಸೇರಿದಾಗಲೆಲ್ಲ ಡ್ರೈವರನ್ನು ಬಿಚ್ಚಿ ಮತ್ತೆ ಕಟ್ಟುವ ಸಾಲೊಂದನ್ನು ಸೇರಿಸಿದೆ. ಮತ್ತೆ ಕಟ್ಟಿದರೆ ಅದು ಹೊಸ ಆಗಮನ. ಹೊಸ ಆಗಮನಕ್ಕೆ ಮತ್ತೆ ಬಿಚ್ಚು! ಬೀಗರನ್ನು ಬಾಗಿಲಿಂದ ದಬ್ಬಿ "ಬರ್ರಿ ಬರ್ರಿ" ಎಂದು ಕೈಹಿಡಿದೆಳೆದು ಮತ್ತೆ ದಬ್ಬಿದಂತೆ ರಾತ್ರಿಯಿಡೀ ನಡೆಯಿತು. ಬೆಳಿಗ್ಗೆಯ ಹೊತ್ತಿಗೆ ಲಾಗ್ ಫೈಲ್ ಊದಿ ಡಿಸ್ಕ್ ತುಂಬಿ, ತಕ್ಕಡಿಗೆ ಸಂಬಂಧವೇ ಇಲ್ಲದ ಬಿಲ್ಲಿಂಗೂ ಮಲಗಿತ್ತು.

1998ರ ಏಪ್ರಿಲಿನಲ್ಲಿ ಷಿಕಾಗೊದ ಕಾಮ್ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ಸ್ಕ್ಯಾನರ್ ಸಿಕ್ಕಿಸಿದ ಕೂಡಲೇ ವಿಂಡೋಸ್ 98 ನೀಲಿ ಪರದೆ ತೋರಿಸಿತ್ತು ಎಂದು ಮಾಲೀಕರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅವ್ರಿಗೂ ನೀವ ಮಾಡಿಕೊಟ್ಟಿದ್ರೇನ್ರೀ?" ಎಂದರು.

ಆದ್ದರಿಂದ ಸಹಪ್ರಯಾಣಿಕರೇ, ಸೊನ್ನೆಯನ್ನು ನಂಬಬೇಡಿ. 'ಬೈ-ಐಡಿ' ಫೋಲ್ಡರಿನ ಹೆಸರು ಬಳಸಿ. ಅಗ್ಗದ ಚಿಪ್ಪುಗಳಿಗೆ ಸೀರಿಯಲ್ ನಂಬರೇ ಇರುವುದಿಲ್ಲ; ಅಂಥವು ಎರಡಿದ್ದರೆ 'ಬೈ-ಪಾತ್' ಹಿಡಿಯಿರಿ. ಶೆಡ್ಡಿಗೆ ಎರಡನೇ ತಕ್ಕಡಿ ಬಂದ ದಿನ ಏನಾಯಿತು ಎಂದು ಮಾತ್ರ ದಯವಿಟ್ಟು ಕೇಳಬೇಡಿ.