ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಕಕ್ಕೇರಾ ಕೈಪಿಡಿ

ಬೇಕಾಗುವ ಸಾಮಾನು: ಹಳೇ ಡೀಸೆಲ್ ಅಂಬಾಸಿಡರ್ ಒಂದು, ಜಾಕ್, ಪಾನಾ ಸೆಟ್ಟು, ಮಿಸ್ತ್ರಿ, ಪೆಡಲ್ ಒತ್ತಲು ಒಬ್ಬ ಹುಡುಗ, ಬಿಟ್ಟಿ ಸಲಹೆಗೆ ಆರು ಜನ. ಈ ಆರು ಜನರನ್ನು ಕರೆಯಬೇಕಿಲ್ಲ. ಬಾನೆಟ್ ಎತ್ತಿದರೆ ಸಾಕು.

ಸೂಚನೆ 1. ‘ಯಾಕ ಬೇಕಿತ್ತು?’ ಎನ್ನುವವರಿಗೆ ಉತ್ತರ ಸಿದ್ಧವಿರಲಿ. ಹಳೇ ಡ್ರಮ್ ಬ್ರೇಕಿನೊಳಗೆ ಕಾವು ಹುಟ್ಟಿದರೆ ಬೇಗ ಹೊರಬೀಳದು, ನಾರಾಯಣಪುರ ಕಾಲುವೆಯ ನೀರು ಹೊಕ್ಕರೆ ಬೇಗ ಆರದು. ಡಿಸ್ಕ್ ಗಾಳಿಗೆ ತೆರೆದೇ ಇರುತ್ತದೆ. ತಿಂಥಣಿಯಿಂದ ಬರುವಾಗ ಕುರಿ ಹಿಂಡು ಅಡ್ಡ ಬಂದರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಕುರಿ ಕಾಯುವವರ ಬಾಯಿಂದ ಇನ್ನೂ ಚೆನ್ನಾಗಿ.

ಸೂಚನೆ 2. ಡ್ರಮ್ ಬಿಚ್ಚಿ. ಬರುವುದಿಲ್ಲ. ಸೀಮೆಎಣ್ಣೆ ಹಾಕಿ ನಾಳೆ ಬನ್ನಿ.

ಸೂಚನೆ 3. ಅಂಬಾಸಿಡರ್ ಮಾಡುತ್ತಿದ್ದ ಉತ್ತರಪಾರಾ ಕಾರ್ಖಾನೆ 2014ರಲ್ಲೇ ನಿಂತಿದೆ. ಕೊನೆಗಾಲದ ಕೆಲವು ಅಂಬಾಸಿಡರ್‌ಗಳ ಮುಂದಿನ ಗಾಲಿಗೆ ಡಿಸ್ಕ್ ಇತ್ತು. ಗುಜರಿಯಲ್ಲಿ ಆ ಸೆಟ್ಟು ಪೂರಾ ಸಿಕ್ಕರೆ ಪುಣ್ಯ. ಬೋಲ್ಟ್ ಬಿಗಿಯುವ ಮೊದಲು ಗಾಲಿ ಹಾಕಿ ಕೈಯಿಂದ ತಿರುಗಿಸಿ, ಕ್ಯಾಲಿಪರ್‌ಗೆ ತಾಗೀತು.

ಸೂಚನೆ 4. ಇಲ್ಲೇ ಎಲ್ಲರೂ ಎಡವುವುದು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಪೈಪಿನೊಳಗೆ ತುಸು ಒತ್ತಡ ಉಳಿಸುವ ಚಿಕ್ಕ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ. ಡ್ರಮ್ಮಿನಲ್ಲಿ ತಿರುಗುವ ಗಾಲಿಯೇ ಲೈನರನ್ನು ಒಳಗೆಳೆದು ಕಾಲಿಗೆ ನೆರವಾಗುತ್ತದೆ. ಡಿಸ್ಕಿಗೆ ಆ ದಾಕ್ಷಿಣ್ಯವಿಲ್ಲ, ಬೂಸ್ಟರ್ ಬೇಕು. ಬೂಸ್ಟರಿಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್ ಅದನ್ನು ತಾನೇ ಕೊಡುತ್ತದೆ. ಡೀಸೆಲ್‌ಗೆ ಬೇರೆ ಪಂಪ್ ಕೂರಿಸಬೇಕು. ನಾನು ಕೂರಿಸಿರಲಿಲ್ಲ.

‘ಏನಪಾ, ಪೆಡಲ್ ಕಲ್ಲಾಗ್ಯಾದಲ್ಲ?’

‘ಡಿಸ್ಕ್ ಅಂದ್ರ ಹಂಗs ರೀ ಕಾಕಾ. ರೂಢಿ ಆಗ್ತದ.’

ಆಗಲಿಲ್ಲ. ಬೇವಿನ ಮರವೇ ಗಾಡಿ ನಿಲ್ಲಿಸಿತು.

ಸೂಚನೆ 5. ಏರ್ ತೆಗೆಯಿರಿ, ದೂರದ ಹಿಂದಿನ ಎಡಗಾಲಿಯಿಂದ. ನಿಪ್ಪಲ್‌ಗೆ ಪೈಪು ಸಿಕ್ಕಿಸಿ ಇನ್ನೊಂದು ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ‘ಹೊಡಿ, ಹೊಡಿ, ಹಿಡಿ’ ಎನ್ನಿ. ಗುಳ್ಳೆ ನಿಲ್ಲುವವರೆಗೂ ಹುಡುಗನ ಕೈಗೆ ಮೊಬೈಲ್ ಕೊಡಬೇಡಿ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಸೂಚನೆ 6. ಖಾಲಿ ಬಯಲಿನಲ್ಲಿ, ನಿಧಾನವಾಗಿ, ಒಬ್ಬರೇ ಕೂತು ಬ್ರೇಕ್ ಹಾಕಿ ನೋಡಿ. ಆ ಆರು ಜನ ಹತ್ತಲು ಬಂದರೆ ಇಳಿಸಿ. ಹ್ಯಾಂಡ್‌ಬ್ರೇಕ್ ಮಾತ್ರ ಇನ್ನೂ ಹಿಂದಿನ ಹಳೇ ಡ್ರಮ್ಮಿನದೇ. ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಲಿಗೆ ಕಲ್ಲು ಕೊಡಿ.